ಧಾರೆಯ ನಂತರ ದಾಖಲೆ ಯಾರ ಕೈಯಲ್ಲಿ?

ಮದುವೆ ಯಾವ ಗಳಿಗೆಯಲ್ಲಿ ಪೂರ್ಣಗೊಳ್ಳುತ್ತದೆ ಎಂದು ಕೇಳಿದರೆ ಮಂಡ್ಯ ಸೀಮೆಯಲ್ಲಿ ಯಾರೂ ತಡವರಿಸುವುದಿಲ್ಲ. ಧಾರೆ ಎರೆದು, ಮಾಂಗಲ್ಯ ಕಟ್ಟಿ, ನೆರೆದವರು ಅಕ್ಷತೆ ಹಾಕಿದರೆ ಮದುವೆ ಆಯಿತು. ನಂತರದ ಬೀಗರೂಟ ಅದಕ್ಕೆ ಊರು ಒತ್ತುವ ಮೊಹರು. ಆದರೆ ವರ ಡಲ್ಲಾಸ್‌ನಲ್ಲೋ ಡಬ್ಲಿನ್‌ನಲ್ಲೋ ದುಡಿಯುವವನಾಗಿದ್ದರೆ ಇದೇ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ವೀಸಾ ಕಚೇರಿಯ ಗಾಜಿನ ಕಿಟಕಿಯ ಆಚೆ ಕುಳಿತ ಅಧಿಕಾರಿಯ ಪಾಲಿಗೆ ಮದುವೆ ಎಂದರೆ ಒಂದು ಪ್ರಮಾಣಪತ್ರ, ಅದರಲ್ಲಿರುವ ಎರಡು ಹೆಸರು ಮತ್ತು ಒಂದು ದಿನಾಂಕ. ಈ ಎರಡು ಉತ್ತರಗಳ ನಡುವಿನ ಅಂತರದಲ್ಲಿ ನಮ್ಮ ಜಿಲ್ಲೆಯ ಅನೇಕ ಹೆಣ್ಣುಮಕ್ಕಳ ವರ್ಷಗಳು ಕಳೆದುಹೋಗುತ್ತಿವೆ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕಕ್ಷಿದಾರರ ನಡುವೆ ವಕೀಲನಾಗಿ ಕೆಲಸ ಮಾಡುವ ನನಗೆ ಈ ವಿಷಯದ ಪರಿಚಯವಾದದ್ದು ದೊಡ್ಡ ಮೊಕದ್ದಮೆಗಳಿಂದಲ್ಲ, ಸಣ್ಣ ಕಾಗದಗಳಿಂದ. ಹೆಸರು ತಿದ್ದುಪಡಿಯ ಅಫಿಡವಿಟ್, ಜನನ ಪ್ರಮಾಣಪತ್ರದ ಅರ್ಜಿ, ವಿವಾಹ ನೋಂದಣಿಯ ನಮೂನೆ ಹಿಡಿದು ಬರುವವರಲ್ಲಿ ಹೆಚ್ಚಿನವರು ಹೆಣ್ಣುಮಗಳ ತಂದೆ ಅಥವಾ ಅಣ್ಣ. ‘ಅಳಿಯಂದ್ರು ಕರಸ್ಕೊತೀನಿ ಅಂದವ್ರೆ, ಇದೊಂದು ಪೇಪರ್ ಆಗ್ಬೇಕಂತೆ’ ಎನ್ನುವುದು ಅವರ ಮೊದಲ ಮಾತು. ಇದೊಂದು ಪೇಪರ್ ಎಂದು ಆರಂಭವಾದದ್ದು ಹತ್ತು ಪೇಪರ್ ಆಗುತ್ತದೆ. ಕಾಗದ ಪೂರ್ಣಗೊಂಡರೂ ಕರೆ ಬಾರದ ಪ್ರಸಂಗಗಳೂ ಇವೆ.

ಕಬ್ಬು, ಭತ್ತ, ಆಲೆಮನೆಗಳ ಜಿಲ್ಲೆಗೆ ಪರದೇಶದ ವೀಸಾ ಏಕೆ ದೊಡ್ಡ ವಿಷಯ ಎಂದು ಕೇಳುವವರಿರಬಹುದು. ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಗೆ ಅನ್ನ ಕೊಟ್ಟಂತೆ, 1962ರಲ್ಲಿ ಆರಂಭವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಪದವಿ ಕೊಟ್ಟಿತು. ರೈತನ ಮಗ ಎಂಜಿನಿಯರಾಗಿ ಬೆಂಗಳೂರಿಗೆ ಹೋದ, ಅಲ್ಲಿಂದ ಕಂಪ್ಯೂಟರ್ ಕೆಲಸದ ಬೆನ್ನು ಹತ್ತಿ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಿಗೂ ಹೋದ. ಅವನ ಮನೆಯವರು ಹೆಣ್ಣು ಹುಡುಕುವುದು ಮಾತ್ರ ಇಂದಿಗೂ ಕೊಪ್ಪ, ಕಿರುಗಾವಲು, ಬೆಸಗರಹಳ್ಳಿಗಳ ಸುತ್ತಮುತ್ತಲೇ.

ಇದರ ಇನ್ನೊಂದು ಮುಖವನ್ನು 2023ರ ಫೆಬ್ರುವರಿಯಲ್ಲಿ ರಾಜ್ಯವೇ ನೋಡಿತು. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ಅವರ ಮೊರೆ. ಕೆಲವರು ನಕ್ಕರು, ಕೆಲವರು ಮರುಗಿದರು. ಅದೇ ವರ್ಷದ ಕೊನೆಯಲ್ಲಿ ಮಂಡ್ಯ ಬಳಿಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ದಂಧೆ ನಡೆಯುತ್ತಿದ್ದುದು ಬೆಳಕಿಗೆ ಬಂದಾಗ ನಗು ನಿಂತಿತು. ಹೆಣ್ಣು ಹುಟ್ಟುವುದನ್ನೇ ತಡೆಯುವ ಸಮಾಜ, ಹುಟ್ಟಿದ ಹೆಣ್ಣನ್ನು ಗದ್ದೆಯ ಬದುಕಿನಿಂದ ದೂರ ಕಳಿಸಲು ಬಯಸುತ್ತದೆ. ಹೀಗಾಗಿ ಪರದೇಶದ ವರನ ಬೆಲೆ ಏರುತ್ತಲೇ ಇದೆ. ಹೆತ್ತವರ ಈ ಆಸೆಯನ್ನು ಹಳಿಯುವುದು ಸುಲಭ. ಮಗಳು ಬಿಸಿಲಲ್ಲಿ ಬೇಯದಿರಲಿ, ಸಾಲದ ಮನೆ ಸೇರದಿರಲಿ ಎಂದು ಬಯಸುವುದು ಅಪರಾಧವಲ್ಲ. ಆದರೆ ಆ ಆಸೆಯ ಭರದಲ್ಲಿ ವರನ ಸಂಬಳ, ಸೈಟು, ಜಾತಕ ಎಲ್ಲವನ್ನೂ ವಿಚಾರಿಸುವವರು ಅವನ ವೀಸಾ ಯಾವ ಬಗೆಯದು ಎಂಬುದನ್ನು ಮಾತ್ರ ಕೇಳುವುದಿಲ್ಲ.

ಕೇಳಲೇಬೇಕಾದ ಪ್ರಶ್ನೆ ಅದು. ಅಮೆರಿಕದ ಪೌರತ್ವ ಪಡೆದವನ ಪತ್ನಿಗೆ ವಲಸೆ ವೀಸಾ ನೀಡಲು ವಾರ್ಷಿಕ ಮಿತಿ ಇಲ್ಲ. ಹಸಿರು ಕಾರ್ಡ್ ಮಾತ್ರ ಇರುವವನ ಪತ್ನಿ ವಾರ್ಷಿಕ ಮಿತಿಗೆ ಒಳಪಟ್ಟ ಸರದಿಯಲ್ಲಿ ನಿಲ್ಲಬೇಕು. ಎಚ್-1ಬಿ ವೀಸಾದಲ್ಲಿ ದುಡಿಯುವವನ ಪತ್ನಿಗೆ ದೊರೆಯುವುದು ಎಚ್-4 ಎಂಬ ಅವಲಂಬಿತೆಯ ವೀಸಾ. ಅದರಲ್ಲಿ ಹೋದವಳು ಓದಬಹುದು, ತಾನಾಗಿ ದುಡಿಯುವಂತಿಲ್ಲ. ಗಂಡನ ಹಸಿರು ಕಾರ್ಡಿನ ಪ್ರಕ್ರಿಯೆ ನಿರ್ದಿಷ್ಟ ಹಂತ ಮುಟ್ಟಿದ್ದರೆ ಮಾತ್ರ ಕೆಲಸದ ಪರವಾನಗಿ ಪಡೆಯಲು 2015ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಿಯಮ ಅವಕಾಶ ಕೊಟ್ಟಿತು. ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹುಡುಗಿ ಅಲ್ಲಿ ಗಂಡನ ಸಂಬಳವನ್ನೇ ನೆಚ್ಚಬೇಕಾಗುತ್ತದೆ ಎಂಬುದು ಹೆಣ್ಣು ನೋಡುವ ಶಾಸ್ತ್ರದ ದಿನವೇ ತಿಳಿದಿರಬೇಕಾದ ಸಂಗತಿ.

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ವಲಸೆ ವೀಸಾದಲ್ಲಿ ಅಮೆರಿಕ ಪ್ರವೇಶಿಸುವ ಪತ್ನಿಗೆ ಸಿಗುವುದು ಷರತ್ತಿನ ವಾಸದ ಹಕ್ಕು. ನಕಲಿ ಮದುವೆಗಳನ್ನು ತಡೆಯಲು 1986ರಲ್ಲಿ ಅಲ್ಲಿ ಮಾಡಿದ ಕಾನೂನಿನ ಫಲ ಇದು. ಎರಡು ವರ್ಷ ಮುಗಿಯುವ ಮುನ್ನ ಗಂಡ ಹೆಂಡತಿ ಜಂಟಿಯಾಗಿ ಅರ್ಜಿ ಹಾಕಿ ಷರತ್ತನ್ನು ತೆಗೆಸಬೇಕು. ಗಂಡ ಸಹಿ ಹಾಕಲು ಒಪ್ಪದಿದ್ದರೆ ಹೆಣ್ಣು ವಿನಾಯಿತಿಗಾಗಿ ತಾನೇ ಹೋರಾಡಬೇಕು. ಪೌರ ಅಥವಾ ಕಾಯಂ ನಿವಾಸಿಯಾದ ಗಂಡ ಹಿಂಸಿಸಿದರೆ ಅವನ ನೆರವಿಲ್ಲದೆ ಸ್ವತಃ ಅರ್ಜಿ ಸಲ್ಲಿಸುವ ಹಕ್ಕನ್ನು 1994ರ ಕಾನೂನು ಕೊಟ್ಟಿದೆ. ಈ ಮಾಹಿತಿ ತಿಳಿದು ವಿಮಾನ ಹತ್ತುವ ಹೆಣ್ಣಿಗೂ ತಿಳಿಯದೆ ಹತ್ತುವ ಹೆಣ್ಣಿಗೂ ಇರುವ ವ್ಯತ್ಯಾಸ ಸಣ್ಣದಲ್ಲ.

ಇತರ ದೇಶಗಳ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ. ಬ್ರಿಟನ್ 2010ರ ನವೆಂಬರ್‌ನಿಂದ ಪತಿ ಅಥವಾ ಪತ್ನಿಯಾಗಿ ಬರುವವರಿಗೆ ಇಂಗ್ಲಿಷ್ ಪರೀಕ್ಷೆಯನ್ನು ವಿಧಿಸಿತು. ಕರೆಸಿಕೊಳ್ಳುವವರಿಗೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ವರಮಾನ ಇರಬೇಕೆಂಬ ನಿಯಮ 2012ರಲ್ಲಿ ಬಂತು. 2024ರ ಏಪ್ರಿಲ್‌ನಲ್ಲಿ ಆ ಮೊತ್ತ 29,000 ಪೌಂಡ್‌ಗೆ ಏರಿತು. ಜರ್ಮನಿ 2007ರಲ್ಲಿ, ಕೆಲವು ವರ್ಗಗಳನ್ನು ಬಿಟ್ಟು, ಸಂಗಾತಿಯಾಗಿ ಬರುವವರು ಮೊದಲೇ ಪ್ರಾಥಮಿಕ ಜರ್ಮನ್ ಕಲಿತಿರಬೇಕೆಂದು ವಿಧಿಸಿತು. ಕನ್ನಡ ಮಾಧ್ಯಮದಲ್ಲಿ ಓದಿದ ಮಳವಳ್ಳಿಯ ಹೆಣ್ಣುಮಗಳು ಗಂಡನ ಮನೆ ಸೇರಲು ಮೂರನೆಯ ಭಾಷೆಯ ವ್ಯಾಕರಣ ಕಲಿಯಬೇಕು. ಕಲಿಯಲಾರಳು ಎಂದಲ್ಲ. ಅದಕ್ಕಾಗಿ ಬೆಂಗಳೂರಿನಲ್ಲಿ ಉಳಿಯುವ ಖರ್ಚು, ಕಾಯುವ ತಿಂಗಳುಗಳು ಯಾವ ಲಗ್ನಪತ್ರಿಕೆಯಲ್ಲೂ ನಮೂದಾಗುವುದಿಲ್ಲ.

ಇಷ್ಟೆಲ್ಲ ನಿಯಮಗಳಿಗೆ ಮೊದಲ ಮೆಟ್ಟಿಲು ವಿವಾಹದ ದಾಖಲೆ. ನಮ್ಮಲ್ಲಿ ಎಡವುವುದು ಅಲ್ಲಿಯೇ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ವಧು ಅಥವಾ ವರನ ಕಡೆಯ ರೂಢಿಯ ಶಾಸ್ತ್ರಗಳ ಪ್ರಕಾರ ಮದುವೆ ನಡೆಯಬೇಕೆನ್ನುತ್ತದೆ. 8ನೇ ಕಲಮು ನೋಂದಣಿಗೆ ಅವಕಾಶ ಕಲ್ಪಿಸುತ್ತದೆ. ಆದರೆ ನೋಂದಣಿ ಆಗಿಲ್ಲವೆಂಬ ಕಾರಣಕ್ಕೆ ಮದುವೆ ಅಸಿಂಧುವಾಗದು ಎಂದೂ ಹೇಳುತ್ತದೆ. ಕರ್ನಾಟಕ 1976ರಲ್ಲೇ ವಿವಾಹಗಳ ನೋಂದಣಿಗೆ ಪ್ರತ್ಯೇಕ ಕಾಯ್ದೆ ರೂಪಿಸಿತು. 2006ರ ಫೆಬ್ರುವರಿ 14ರಂದು ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ನಿರ್ದೇಶಿಸಿದಾಗ, ಅಂಥ ಕಾನೂನು ಆಗಲೇ ಇದ್ದ ಕೆಲವೇ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರಿತ್ತು. ಕಾನೂನು ಮಾಡುವುದರಲ್ಲಿ ಮುಂದಿದ್ದ ರಾಜ್ಯದ ಹಳ್ಳಿಗಳಲ್ಲಿ ಮದುವೆಯನ್ನು ನೋಂದಾಯಿಸುವ ಪರಿಪಾಠ ಮಾತ್ರ ಬೆಳೆಯಲಿಲ್ಲ. ಜಮೀನಿನ ಕ್ರಯಪತ್ರಕ್ಕಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹತ್ತು ಸಲ ಅಲೆಯುವ ನಾವು ಮಗಳ ಮದುವೆಗಾಗಿ ಅದೇ ಕಚೇರಿಗೆ ಒಮ್ಮೆಯೂ ಹೋಗುವುದಿಲ್ಲ. ಅರ್ಧ ಗುಂಟೆಗೆ ಸಿಗುವ ಭದ್ರತೆ ಅವಳಿಗೆ ಸಿಗುವುದಿಲ್ಲ.

ಪಾಸ್‌ಪೋರ್ಟ್ ನಿಯಮಗಳನ್ನು 2016ರ ಡಿಸೆಂಬರ್‌ನಲ್ಲಿ ಸಡಿಲಿಸಿದಾಗ ವಿವಾಹ ಪ್ರಮಾಣಪತ್ರ ಸಲ್ಲಿಸಬೇಕಾದ ಅಗತ್ಯವನ್ನು ಕೈಬಿಡಲಾಯಿತು. ಒಳ್ಳೆಯ ಕ್ರಮವೇ. ಆದರೆ ಪಾಸ್‌ಪೋರ್ಟಿಗೆ ಬೇಡವಾದದ್ದು ವೀಸಾಕ್ಕೂ ಬೇಡ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿ ಉಳಿದುಬಿಟ್ಟಿತು. ವರ ರಜೆ ಮುಗಿಸಿ ವಿಮಾನ ಹತ್ತಿದ ಮೇಲೆ ಪ್ರಮಾಣಪತ್ರದ ನೆನಪಾಗುತ್ತದೆ. ನೋಂದಣಿ ಪುಸ್ತಕದಲ್ಲಿ ಸಹಿ ಹಾಕಬೇಕಾದವನು ಸಾವಿರಾರು ಮೈಲಿ ದೂರದಲ್ಲಿರುತ್ತಾನೆ. ಮುಂದಿನ ರಜೆ ಯಾವಾಗ ಎಂಬುದು ಅವನ ಕಂಪನಿಗೆ ಮಾತ್ರ ಗೊತ್ತು.

ಇದಕ್ಕೆ ತೀರ ವ್ಯತಿರಿಕ್ತವಾದ ರೂಢಿಯೂ ಬೆಳೆದಿದೆ, ಅದು ಇನ್ನೂ ಅಪಾಯಕಾರಿ. ನಿಶ್ಚಿತಾರ್ಥ ಮುಗಿದೊಡನೆ, ಧಾರೆಗೆ ತಿಂಗಳುಗಳಿರುವಾಗಲೇ, ವೀಸಾ ಬೇಗ ಸಿಗಲೆಂದು ಮದುವೆ ನೋಂದಣಿ ಮಾಡಿಸಿಬಿಡುವುದು. ಎರಡೂ ಕಡೆಯವರ ಒಪ್ಪಿಗೆಯಿಂದಲೇ ನಡೆಯುವ ಈ ‘ಅಡ್ಜಸ್ಟ್‌ಮೆಂಟ್’ ಬಗ್ಗೆ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಕಟುವಾಗಿಯೇ ಮಾತನಾಡಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ, ಶಾಸ್ತ್ರೋಕ್ತವಾಗಿ ನಡೆಯದ ಮದುವೆಗೆ ಬರೀ ನೋಂದಣಿಯಿಂದ ಸಿಂಧುತ್ವ ಬರುವುದಿಲ್ಲ ಎಂದು ಸ್ಪಷ್ಟಪಡಿಸಿತು. ವಿದೇಶದ ವೀಸಾದಂಥ ಅನುಕೂಲಕ್ಕಾಗಿ ಮದುವೆಗೆ ಮುನ್ನವೇ ನೋಂದಾಯಿಸುವ ಪರಿಪಾಠವನ್ನು ತಡೆಯಬೇಕೆಂದಿತು. ಮುಂದೆ ಮದುವೆ ನಡೆಯದೇ ಹೋದರೆ ಗತಿಯೇನು ಎಂಬುದು ನ್ಯಾಯಪೀಠ ಎತ್ತಿದ ಪ್ರಶ್ನೆ.

ಆ ಪ್ರಶ್ನೆ ಪುಸ್ತಕದ್ದಲ್ಲ. ಹೀಗೆ ನೋಂದಣಿಯಾದ ಮೇಲೆ ಸಂಬಂಧ ಮುರಿದುಬಿದ್ದ ಹೆಣ್ಣುಮಗಳು ಕಾಗದದಲ್ಲಿ ಹೆಂಡತಿ, ಊರಿನ ಕಣ್ಣಿನಲ್ಲಿ ಕನ್ಯೆ, ಕಾನೂನಿನ ಪ್ರಕಾರ ಎರಡೂ ಅನುಮಾನ. ಬೇರೆ ಗಂಡು ನೋಡಬೇಕಾದರೆ ಮೊದಲು ನ್ಯಾಯಾಲಯದಿಂದ ಆ ಕಾಗದವನ್ನು ಅಳಿಸಿಕೊಳ್ಳಬೇಕು. ಹುಡುಗನಿಗೆ ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಇಲ್ಲಿ ಹುಡುಗಿಯ ತಂದೆ ದಿನಾಂಕದಿಂದ ದಿನಾಂಕಕ್ಕೆ ಕೋರ್ಟು ಅಲೆಯುತ್ತಾನೆ.

ದಾಖಲೆ ಇಲ್ಲದ ಮದುವೆಯೂ ಹೆಣ್ಣಿಗೆ ಅಪಾಯ, ಮದುವೆ ಇಲ್ಲದ ದಾಖಲೆಯೂ ಹೆಣ್ಣಿಗೇ ಅಪಾಯ ಎಂದಾದರೆ ಪರಿಹಾರ ಸ್ಪಷ್ಟ: ಧಾರೆ ಮತ್ತು ದಾಖಲೆಯ ನಡುವಿನ ಅವಧಿ ಆದಷ್ಟು ಕಿರಿದಾಗಬೇಕು. ಮುಹೂರ್ತದ ನಂತರ, ವರ ಊರಿನಲ್ಲಿರುವಾಗಲೇ, ಪ್ರಮಾಣಪತ್ರ ವಧುವಿನ ಕೈ ಸೇರಬೇಕು.

ಹೆಸರಿನ ತೊಡಕು ಬೇರೆಯೇ ಅಧ್ಯಾಯ. ನಮ್ಮವರಿಗೆ ಕುಲನಾಮ ಬರೆಯುವ ಅಭ್ಯಾಸವಿಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಸೇರಿಸಿಕೊಂಡು ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಮದುವೆಯ ಕರೆಯೋಲೆಯಲ್ಲಿ ‘ಚಿ.ಸೌ.’ ಜೊತೆ ಮನೆಯಲ್ಲಿ ಕರೆಯುವ ಮತ್ತೊಂದು. ಪಾಸ್‌ಪೋರ್ಟ್ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಲು ಹೇಳುತ್ತದೆ. ಅಲ್ಲಿ ಕುಲನಾಮದ ಜಾಗ ಖಾಲಿ ಉಳಿದರೆ ಅಮೆರಿಕದ ವೀಸಾದಲ್ಲಿ ಅವಳ ಹೆಸರು ಕುಲನಾಮದ ಸ್ಥಾನಕ್ಕೆ ಸರಿದು, ಹೆಸರಿನ ಸ್ಥಾನದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದು ಅದರ ಅರ್ಥ. ಊರಿಗೆಲ್ಲ ಗೊತ್ತಿರುವ ಹೆಣ್ಣುಮಗಳು ಹೆಸರಿಲ್ಲದವಳಾಗಿ ಹೊಸ ದೇಶಕ್ಕೆ ಕಾಲಿಡುತ್ತಾಳೆ. ಬ್ಯಾಂಕಿನಿಂದ ಚಾಲನಾ ಪರವಾನಗಿಯವರೆಗೆ ಆ ಮೂರಕ್ಷರ ಅವಳ ಬೆನ್ನಿಗೆ ಬೀಳುತ್ತದೆ.

ಜನನ ಪ್ರಮಾಣಪತ್ರದ್ದೂ ಇದೇ ಕಥೆ. ಜನನ ಮತ್ತು ಮರಣಗಳ ನೋಂದಣಿ ಕಾಯ್ದೆ 1969ರದು. ಆದರೂ ಹಳ್ಳಿಯಲ್ಲಿ, ಅದರಲ್ಲೂ ಅಜ್ಜಿಯ ಮನೆಯಲ್ಲಿ ಹೆರಿಗೆಯಾದ ಅನೇಕರ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಅವರ ಜನ್ಮ ದಾಖಲೆ. ವಲಸೆ ವೀಸಾಕ್ಕೆ ಜನನ ಪ್ರಮಾಣಪತ್ರ ಬೇಕೆಂದಾಗ ತಡವಾದ ನೋಂದಣಿಗೆ ಆದೇಶ ಪಡೆಯಬೇಕು. ಹಿಂದೆ ಇಂಥ ಅರ್ಜಿಗಳು ತಾಲ್ಲೂಕು ನ್ಯಾಯಾಲಯಗಳ ಮುಂದೆ ಬರುತ್ತಿದ್ದವು. 2023ರ ತಿದ್ದುಪಡಿ ಕಾಯ್ದೆ ಈ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳ ಹಂತಕ್ಕೆ ಒಯ್ದಿದೆ. ದಾರಿ ಇದೆ, ಆದರೆ ಅದು ತಿಂಗಳುಗಳ ದಾರಿ. ಮದುವೆ ಗೊತ್ತಾದ ಮೇಲೆ ಹೊರಡುವ ಬದಲು ಮಗಳು ಕಾಲೇಜು ಸೇರಿದಾಗಲೇ ಹೊರಟರೆ ಮುಹೂರ್ತದ ಹೊತ್ತಿಗೆ ಗುರಿ ಮುಟ್ಟಬಹುದು.

ಕಾಗದ ಸರಿಯಿದ್ದರೂ ಸಂದರ್ಶನ ಎಂಬ ಹೊಸ್ತಿಲು ದಾಟಬೇಕು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಗೊಂಡಾಗ ನಮ್ಮ ಕಡೆಯವರು ಸಂತೋಷಪಟ್ಟರು. ಆದರೆ ಅಂದು ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ. ಕನ್ನಡಿಗರ ಪಾಲಿಗೆ ಎಚ್-4 ಸಂದರ್ಶನ ಎಂದರೆ ಚೆನ್ನೈ ಅಥವಾ ಹೈದರಾಬಾದ್, ವಲಸೆ ವೀಸಾ ಎಂದರೆ ಮುಂಬೈ ಎಂಬ ಅಲೆದಾಟ ಬಹುಕಾಲದ್ದು. ಅದೇ ವರ್ಷದ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಬರಹವನ್ನೂ ಪರಿಶೀಲಿಸುವ ಕ್ರಮ ಜಾರಿಗೆ ಬಂದು, ಭಾರತದಲ್ಲಿ ನಿಗದಿಯಾಗಿದ್ದ ಎಷ್ಟೋ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಮೊದಲ ಆಷಾಢಕ್ಕೆ ತವರಿಗೆ ಬಂದ ಹೆಣ್ಣು ಶ್ರಾವಣಕ್ಕೆ ಹಿಂದಿರುಗುವುದು ನಮ್ಮ ವಾಡಿಕೆ. ವೀಸಾದ ಆಷಾಢಕ್ಕೆ ಶ್ರಾವಣ ಯಾವಾಗ ಎಂದು ಯಾವ ಪಂಚಾಂಗವೂ ಹೇಳುವುದಿಲ್ಲ.

ಗಂಡ ಹೆಂಡಿರ ಸಂಬಂಧವನ್ನು ಗಡಿಯ ಅಧಿಕಾರಿ ಅಳೆಯುವ ಈ ಪದ್ಧತಿ ಇಂದು ನಿನ್ನೆಯದಲ್ಲ. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದಲ್ಲಿ ನ್ಯಾಯಮೂರ್ತಿ ಸರ್ಲ್ ಒಂದು ತೀರ್ಪು ನೀಡಿದರು. ಗಂಡನನ್ನು ಸೇರಲು ಭಾರತದಿಂದ ಹೋಗಿದ್ದ ಬಾಯಿ ಮರಿಯಂ ಎಂಬ ಮಹಿಳೆಗೆ ಪ್ರವೇಶ ನಿರಾಕರಿಸಿದ್ದ ಪ್ರಕರಣ ಅದು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮಗಳ ವಿಧಿಯಂತೆ ನಡೆದ ಮದುವೆಗೆ ಅಲ್ಲಿನ ಕಾನೂನಿನ ಮಾನ್ಯತೆ ಇಲ್ಲ ಎಂದು ತೀರ್ಪು ಬಂದಾಗ, ಭಾರತೀಯ ಪತ್ನಿಯರೆಲ್ಲ ಒಂದೇ ದಿನದಲ್ಲಿ ಪತ್ನಿಯರಲ್ಲದವರಾದರು. ಗಾಂಧೀಜಿಯವರ ಸತ್ಯಾಗ್ರಹಕ್ಕೆ ಹೆಂಗಸರು ಇಳಿದದ್ದು ಆಗಲೇ. ಕಸ್ತೂರಬಾ ಜೈಲಿಗೆ ಹೋದರು. ತಮಿಳು ಬಾಲೆ ವಳ್ಳಿಯಮ್ಮ ಜೈಲಿನಲ್ಲಿ ಜ್ವರ ಹತ್ತಿಸಿಕೊಂಡು 1914ರ ಫೆಬ್ರುವರಿಯಲ್ಲಿ ಪ್ರಾಣ ಬಿಟ್ಟಳು. ಅದೇ ವರ್ಷದ ಕಾಯ್ದೆಯಿಂದ ಭಾರತೀಯ ಮದುವೆಗಳಿಗೆ ಮಾನ್ಯತೆ ದೊರೆಯಿತು. 1938ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಸಿದ ಮದ್ದೂರಿನ ಜನ, ಸತ್ಯಾಗ್ರಹದ ಚರಿತ್ರೆಯ ಈ ಪುಟವನ್ನೂ ನೆನೆಯಬೇಕು. ಪತ್ನಿಯ ಪ್ರವೇಶದ ಹಕ್ಕು ಎಂಬುದು ಮನೆಯೊಳಗಿನ ಸಣ್ಣ ವಿಷಯವೆಂದು ಆ ಹೆಂಗಸರು ಭಾವಿಸಲಿಲ್ಲ.

ಅಪಮಾನದ ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. 1979ರ ಜನವರಿಯಲ್ಲಿ, ವರಿಸಲಿದ್ದವನನ್ನು ಸೇರಲು ಲಂಡನ್‌ನ ಹೀಥ್ರೂ ನಿಲ್ದಾಣಕ್ಕೆ ಬಂದಿಳಿದ ಭಾರತದ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಲಾಯಿತು. ಸುದ್ದಿ ಹೊರಬಿದ್ದು ಭಾರತ ಪ್ರತಿಭಟಿಸಿದ ಮೇಲೆ ಬ್ರಿಟನ್ ಆ ಪದ್ಧತಿಯನ್ನು ಕೈಬಿಟ್ಟಿತು. ಮದುವೆಯ ಮುಖ್ಯ ಉದ್ದೇಶವೇ ವಲಸೆ ಎಂಬ ಅನುಮಾನದ ಮೇಲೆ ಅರ್ಜಿ ತಿರಸ್ಕರಿಸುವ ನಿಯಮ ಮಾತ್ರ 1997ರವರೆಗೂ ಅಲ್ಲಿ ಉಳಿದಿತ್ತು. ಹೆಂಡತಿಯರು ಕರೆಸಿಕೊಳ್ಳಬಯಸಿದ ನಮ್ಮ ಉಪಖಂಡದ ಗಂಡಂದಿರೇ ಅದರ ಏಟು ತಿಂದವರಲ್ಲಿ ಹೆಚ್ಚಿನವರು.

ಈ ಕೊನೆಯ ಮಾತು ಗಮನಾರ್ಹ. ಈಗ ನಮ್ಮ ಹೆಣ್ಣುಮಕ್ಕಳೂ ನರ್ಸ್‌ಗಳಾಗಿ, ಎಂಜಿನಿಯರ್‌ಗಳಾಗಿ ಹೊರದೇಶಕ್ಕೆ ಹೋಗಿ ಗಂಡನಿಗಾಗಿ ಅರ್ಜಿ ಹಾಕುತ್ತಿದ್ದಾರೆ. ಅವಲಂಬಿತನಾಗಿ ಹೋಗುವ ಗಂಡನನ್ನು ಊರಿನವರು ‘ಮನೆಯಳಿಯ’ ಎಂದು ಛೇಡಿಸುತ್ತಾರೆ. ಕೆಲಸದ ಪರವಾನಗಿ ಇಲ್ಲದೆ ಮನೆಯಲ್ಲಿ ಕುಳಿತ ಅವನಿಗೂ ಹೆಂಡತಿಯ ಸಹಿ ಇಲ್ಲದೆ ಮುಂದಿನ ಕಾಗದ ಸಾಗದು. ಅಂದರೆ ಅಧೀನತೆ ಹೆಣ್ಣಿನ ಗುಣವಲ್ಲ, ಆ ವೀಸಾದ ಗುಣ. ನಮ್ಮಲ್ಲಿ ಹಾಗೆ ಹೋಗುವವರಲ್ಲಿ ಹೆಚ್ಚಿನವರು ಹೆಂಗಸರು ಆದ್ದರಿಂದ ಅದರ ಭಾರ ಅವರ ಮೇಲೆ ಬಿದ್ದಿದೆ.

ಈ ಭಾರ ಅತಿ ಕಠೋರವಾಗುವುದು ಅರ್ಜಿಯೇ ಸಲ್ಲಿಕೆಯಾಗದಿದ್ದಾಗ. ವಲಸೆ ವೀಸಾದ ಮೊದಲ ಅರ್ಜಿ ಹಾಕಬೇಕಾದವನು ಗಂಡ. ಅವಲಂಬಿತ ವೀಸಾಕ್ಕೆ ಬೇಕಾದ ಅನುಮೋದನೆ ಪತ್ರ, ಸಂಬಳದ ಚೀಟಿ ಕಳಿಸಬೇಕಾದವನೂ ಗಂಡನೇ. ಅವನು ಬೈಯಬೇಕಿಲ್ಲ, ಹೊಡೆಯಬೇಕಿಲ್ಲ, ವಿಚ್ಛೇದನ ಕೇಳಬೇಕಿಲ್ಲ. ಕಾಗದ ಕಳಿಸದೆ ಸುಮ್ಮನಿದ್ದರೆ ಸಾಕು. ಮಳವಳ್ಳಿ ಕಡೆಯ ಒಂದು ಕುಟುಂಬ ‘ವೀಸಾ ಪ್ರೋಸೆಸ್‌ನಲ್ಲಿದೆ’ ಎಂಬ ಒಂದೇ ವಾಕ್ಯವನ್ನು ನಂಬಿ ಮೂರು ವರ್ಷ ಕಾದದ್ದನ್ನು ನಾನು ಬಲ್ಲೆ. ಅರ್ಜಿಯ ಸಂಖ್ಯೆ ಎಷ್ಟು ಎಂದು ಅವರು ಕೇಳಿರಲಿಲ್ಲ. ಅಮೆರಿಕದಲ್ಲಿ ಸಲ್ಲಿಸಿದ ಅರ್ಜಿಗೆ ರಸೀತಿ ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಅರ್ಜಿ ಯಾವ ಹಂತದಲ್ಲಿದೆ ಎಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಅಳಿಯನನ್ನು ಅಂಥದ್ದು ಕೇಳುವುದು ಅಪನಂಬಿಕೆಯಾಗುತ್ತದೆ ಎಂಬ ಸಂಕೋಚ ಹೆತ್ತವರನ್ನು ತಡೆಯುತ್ತದೆ. ಬ್ಯಾಂಕಿನಲ್ಲಿ ಹಣ ಕಟ್ಟಿ ರಸೀತಿ ಕೇಳುವುದು ಅಪನಂಬಿಕೆಯಲ್ಲವಾದರೆ ಇದೂ ಅಲ್ಲ.

ಹಾಗೆ ಕೈಬಿಟ್ಟವರ ವಿರುದ್ಧ ಕಾನೂನು ಏನೂ ಮಾಡಲಾರದು ಎಂಬ ಭಾವನೆ ಸರಿಯಲ್ಲ. ಅಮೆರಿಕದ ಮಿಸೌರಿಯಲ್ಲಿ ವಾಸವಿದ್ದೇನೆಂದು ಸುಳ್ಳು ಹೇಳಿ ಗಂಡ ಪಡೆದಿದ್ದ ವಿಚ್ಛೇದನವನ್ನು ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ತಳ್ಳಿಹಾಕಿತು. ಮದುವೆ ಯಾವ ಕಾನೂನಿನಡಿ ನಡೆದಿದೆಯೋ ಆ ಕಾನೂನು ಒಪ್ಪದ ಕಾರಣಕ್ಕೆ ಪರದೇಶದ ನ್ಯಾಯಾಲಯ ನೀಡಿದ ವಿಚ್ಛೇದನಕ್ಕೆ ಇಲ್ಲಿ ಸಾಮಾನ್ಯವಾಗಿ ಮಾನ್ಯತೆ ಇಲ್ಲ ಎಂಬುದು ಆ ತೀರ್ಪಿನ ಸಾರ. 2003ರ ತಿದ್ದುಪಡಿಯ ನಂತರ ಪತ್ನಿ ತಾನು ವಾಸವಾಗಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ವಿವಾಹ ಸಂಬಂಧಿ ಅರ್ಜಿ ಹಾಕಬಹುದು, ಜೀವನಾಂಶಕ್ಕೂ ಹಾಗೆಯೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಗೆ, ಆಕೆಯ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಆದರೆ ಸಮನ್ಸ್ ಸಮುದ್ರ ದಾಟಬೇಕಾದರೆ ಗಂಡನ ಸರಿಯಾದ ವಿಳಾಸ ಬೇಕು. ಎಷ್ಟೋ ಪ್ರಕರಣಗಳಲ್ಲಿ ಹೆಂಡತಿಯ ಬಳಿ ಇರುವುದು ಒಂದು ಮೊಬೈಲ್ ಸಂಖ್ಯೆ ಮಾತ್ರ, ಅದೂ ಉತ್ತರಿಸದ ಸಂಖ್ಯೆ.

ಸಂಸತ್ತಿನಲ್ಲಿ ಪ್ರಯತ್ನ ನಡೆದಿಲ್ಲವೆಂದಲ್ಲ. ಅನಿವಾಸಿ ಭಾರತೀಯರ ಮದುವೆಯನ್ನು 30 ದಿನಗಳಲ್ಲಿ ನೋಂದಾಯಿಸಬೇಕು, ತಪ್ಪಿದರೆ ಪಾಸ್‌ಪೋರ್ಟ್ ಮುಟ್ಟುಗೋಲಿಗೆ ಅವಕಾಶವಿರಬೇಕು ಎಂಬ ಮಸೂದೆ 2019ರ ಫೆಬ್ರುವರಿ 11ರಂದು ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಅದು ಕಾಯ್ದೆಯ ರೂಪ ತಾಳಲಿಲ್ಲ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ 22ನೇ ಕಾನೂನು ಆಯೋಗ 2024ರ ಫೆಬ್ರುವರಿಯಲ್ಲಿ ಸಲ್ಲಿಸಿದ 287ನೇ ವರದಿ, ಅನಿವಾಸಿಗಳ ಮದುವೆಯ ಕಡ್ಡಾಯ ನೋಂದಣಿಯೂ ಸೇರಿದಂತೆ ಸಮಗ್ರ ಕಾನೂನು ಬೇಕೆಂದು ಶಿಫಾರಸು ಮಾಡಿತು. ಶಿಫಾರಸಿನ ಮೇಲೆ ದೂಳು ಕೂರಲು ಬಿಡುವುದು ನ್ಯಾಯವಲ್ಲ.

ಇಂಥ ಕಾನೂನು ಪರದೇಶದ ವರರೆಲ್ಲರನ್ನೂ ಅಪರಾಧಿಗಳಂತೆ ಕಾಣುತ್ತದೆ ಎಂಬ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ತಾವೇ ಒದ್ದಾಡುತ್ತಿರುವ, ಕೆಲಸ ಹೋದರೆ ವೀಸಾವೂ ಹೋಗುವ ಆತಂಕದಲ್ಲಿ ಬದುಕುವ ಗಂಡಂದಿರೇ ಹೆಚ್ಚಿನವರು. ಪಾಸ್‌ಪೋರ್ಟ್ ಮುಟ್ಟುಗೋಲಿನ ಅಧಿಕಾರ ದುರ್ಬಳಕೆಯಾಗದಂತೆ ವಿಚಾರಣೆಯ ಅವಕಾಶ ಇರಲೇಬೇಕು. ಆದರೆ ನೋಂದಣಿ ಶಿಕ್ಷೆಯಲ್ಲ. ಪ್ರಾಮಾಣಿಕ ಗಂಡನಿಗೆ ವೀಸಾ ಪಡೆಯಲು ಬೇಕಾಗುವ ಕಾಗದವೇ ಅಪ್ರಾಮಾಣಿಕನನ್ನು ಕಟ್ಟಿಹಾಕುವ ಕಾಗದವೂ ಹೌದು. ಇಬ್ಬರಿಗೂ ಒಂದೇ ನಿಯಮ ಹೊರೆಯಾಗದು.

ದೆಹಲಿಯ ಕಾನೂನಿಗಾಗಿ ಕಾಯುತ್ತ ಕೂರದೆ ಜಿಲ್ಲೆಯಲ್ಲೇ ಮಾಡಬಹುದಾದ ಕೆಲಸಗಳಿವೆ. ಹಿಂದೂ ವಿವಾಹ ನೋಂದಣಿಗೆ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಯ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಬೆಂಗಳೂರಿನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಇಂಥ ಸೌಲಭ್ಯದ ಅಗತ್ಯ ರಾಜಧಾನಿಗಿಂತ ಹಳ್ಳಿಗಳಿಗೆ ಹೆಚ್ಚು. ಕಲ್ಯಾಣ ಮಂಟಪದ ಬಾಡಿಗೆ ರಸೀತಿಯೊಂದಿಗೇ ನೋಂದಣಿಯ ಮಾಹಿತಿ ಪತ್ರ ಕೊಡುವಂತೆ ಜಿಲ್ಲಾಡಳಿತ ಸೂಚಿಸಬಹುದು. ಲಗ್ನದ ತಿಂಗಳುಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ವಿವಾಹ ನೋಂದಣಿಗೆಂದೇ ವಾರದಲ್ಲಿ ಒಂದು ದಿನ ಮೀಸಲಿಡಬಹುದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪದವಿ ಕಾಲೇಜುಗಳಲ್ಲಿ ಈ ಕುರಿತು ಶಿಬಿರ ನಡೆಸಬಹುದು. ಹೆಸರು, ಜನ್ಮದಿನಾಂಕ, ತಂದೆ ತಾಯಿಯ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ತೆರನಾಗಿರಬೇಕು ಎಂಬ ಸರಳ ಪಾಠವೇ ಅರ್ಧ ತೊಂದರೆ ತಪ್ಪಿಸುತ್ತದೆ.

ಉಳಿದರ್ಧ ಹೆತ್ತವರ ಕೈಯಲ್ಲಿದೆ. ವರನ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಕೆಲಸದ ಸಂಸ್ಥೆಯ ಹೆಸರು, ಮನೆಯ ವಿಳಾಸ, ಹಿಂದೆ ಮದುವೆಯಾಗಿ ಬಿಟ್ಟಿದ್ದರೆ ಅದರ ನ್ಯಾಯಾಲಯದ ಆದೇಶ ಇವನ್ನು ಮಾತುಕತೆಯ ದಿನವೇ ಕೇಳಬೇಕು. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಬೀಗರು ಮುಂದೆ ಏನು ಮಾಡಿಯಾರು ಎಂಬುದು ಅಲ್ಲಿಯೇ ತಿಳಿಯುತ್ತದೆ. ವಿವಾಹ ಪ್ರಮಾಣಪತ್ರದ ಒಂದು ಮೂಲ ಪ್ರತಿ, ಓದಿನ ಮೂಲ ಅಂಕಪಟ್ಟಿಗಳು, ಪಾಸ್‌ಪೋರ್ಟ್ ಮದುವೆಯ ನಂತರವೂ ಹೆಣ್ಣುಮಗಳ ಸ್ವಂತ ವಶದಲ್ಲಿರಬೇಕು. ಅತ್ತೆಯ ಬೀರುವಿನಲ್ಲಿ ಅಲ್ಲ, ಗಂಡನ ಸೂಟ್‌ಕೇಸಿನಲ್ಲೂ ಅಲ್ಲ. ವೀಸಾ ಬರುವವರೆಗೆ ಅವಳ ಓದು, ಕೆಲಸ ನಿಲ್ಲಬಾರದು. ‘ಇವತ್ತೋ ನಾಳೆಯೋ ಹೊರಡುವವಳು’ ಎಂದು ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದ ವರ್ಷಗಳನ್ನು ಯಾವ ಕಾನ್ಸುಲೇಟೂ ಹಿಂದಕ್ಕೆ ಕೊಡುವುದಿಲ್ಲ.

ಮಗಳ ಮದುವೆಗೆ ಕಬ್ಬಿನ ಬಿಲ್ಲು, ಸೊಸೈಟಿ ಸಾಲ, ಕೆಲವೊಮ್ಮೆ ಜಮೀನನ್ನೇ ಒತ್ತೆ ಇಡುವ ಜನ ನಾವು. ಚಿನ್ನ ತೂಗುವಾಗ ಗುಲಗಂಜಿಯಷ್ಟೂ ತಪ್ಪದಂತೆ ನೋಡುತ್ತೇವೆ. ಅದೇ ಎಚ್ಚರ ವರನ ರಜೆ ಮುಗಿಯುವ ಮುನ್ನ ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲೂ ಇರಲಿ. ಆ ಒಂದು ಹಾಳೆ ಅವಳಿಗೆ ಗಂಡನ ಊರಿನ ದಾರಿ ತೋರಿಸೀತು. ಆ ದಾರಿ ಮುಚ್ಚಿಹೋದ ಪಕ್ಷದಲ್ಲಿ, ತನ್ನ ಊರಿನ ನ್ಯಾಯಾಲಯದಲ್ಲಿ ತಾನು ಯಾರೆಂದು ಹೇಳಿಕೊಳ್ಳಲು ಅವಳಿಗೆ ಬೇಕಾಗುವುದೂ ಅದೇ.